ಹಳ್ಳದ ದಂಡೆ ಕುಸಿಯುತ್ತಿದೆ, ಗೋಡೆ ಕಟ್ಟಿಸಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ತೀರ್ಥಹಳ್ಳಿ ಕಡೆ. ಎರಡು ಎಕರೆ ಅಡಿಕೆ ತೋಟ, ಒಂದು ಬದಿಗೆ ತುಂಗೆಗೆ ಸೇರುವ ಹಳ್ಳ. ಹಳ್ಳ ತಿರುಗುವ ಜಾಗದಲ್ಲಿ ದಂಡೆ ಕುಸಿದು ಈ ಮಳೆಗಾಲ ಏಳು ಮರ ಹೋದವು. ಮೂರು ವರ್ಷದ ಹಿಂದೆ ದಂಡೆ ಮೇಲಿದ್ದ ವಾಟೆ ಬಿದಿರು, ಮುಂಡಿಗೆ ಪೊದೆ ಎಲ್ಲ ಜೆಸಿಬಿಯಲ್ಲಿ ತೆಗೆಸಿ ಚೊಕ್ಕ ಮಾಡಿಸಿದ್ದೆವು. ಈಗ ಅಲ್ಲಿ ಕಳೆನಾಶಕ ಹೊಡೆಸುತ್ತೇವೆ. ನೂರು ಅಡಿ ಕಾಂಕ್ರೀಟ್ ಗೋಡೆಗೆ ಎಷ್ಟು ಎತ್ತರ ಬೇಕು?

ಉತ್ತರ (ಮಣ್ಣು ಸಂರಕ್ಷಣೆ ಎಂಜಿನಿಯರ್): ಎತ್ತರದ ಮಾತು ಆಮೇಲೆ. ನಿಮ್ಮ ದಂಡೆಗೆ ಗೋಡೆ ಮೊದಲೇ ಇತ್ತು, ಆ ಗಿಡಗಳ ಬೇರೇ ಗೋಡೆ. ಅದನ್ನು ಜೆಸಿಬಿ ತೆಗೆದುಹಾಕಿತು. ಬೇಜಾರಾಗಬೇಡಿ, ಈ ತಪ್ಪನ್ನು ತುಂಬಾ ಜನ ಮಾಡುತ್ತಾರೆ.

ಒಂದು ವಿಷಯ ಗಮನಿಸಿದ್ದೀರಾ? ದರೆ ಜಾಸ್ತಿ ಕುಸಿಯುವುದು ನೆರೆ ಏರಿದಾಗ ಅಲ್ಲ, ಇಳಿಯುವಾಗ. ತಿರುವಿನ ಹೊರಬದಿಯಲ್ಲಿ ನೀರು ಜೋರಾಗಿ ಓಡಿ ದಂಡೆಯ ಬುಡ ಕೊರೆದಿರುತ್ತದೆ. ಮೇಲಿನ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಹಳ್ಳ ಇಳಿದ ಕೂಡಲೇ ಆ ಮಣ್ಣಿಗೆ ಆನಿಕೆ ತಪ್ಪುತ್ತದೆ, ಧಸಕ್ಕನೆ ಬೀಳುತ್ತದೆ. ಅಡಿಕೆ ಬೇರು ಮೇಲುಮೇಲೇ ಹರಡುವುದು, ಅಷ್ಟು ಆಳದ ಮಣ್ಣನ್ನು ಹಿಡಿಯಲಾರದು.

ಗೋಡೆ ಕಟ್ಟಿದರೂ ನೀರಿನ ಜೋರು ಕಡಿಮೆಯಾಗುವುದಿಲ್ಲ. ಅದು ಗೋಡೆಯ ಕಾಲಬುಡ ಕೊರೆಯುತ್ತದೆ, ಇಲ್ಲವೇ ಗೋಡೆ ಮುಗಿಯುವಲ್ಲಿ ಹಿಂದೆ ನುಗ್ಗುತ್ತದೆ. ಅದೂ ಆಗದಿದ್ದರೆ ಕೆಳಗಿನ ತೋಟದವರ ದರೆ ಹೋಗುತ್ತದೆ.

ಜನವರಿ–ಮಾರ್ಚ್‌ನಲ್ಲಿ, ನೀರು ಕಡಿಮೆ ಇರುವಾಗ, ಬುಡಕ್ಕೆ ದೊಡ್ಡ ಕಲ್ಲು ಕೂರಿಸಿ. ಲಂಬವಾಗಿ ನಿಂತ ದರೆಯನ್ನು ಒಂದಡಿ ಎತ್ತರಕ್ಕೆ ಎರಡಡಿ ಓರೆ ಬರುವಂತೆ ಇಳಿಸಿ. ಮೊದಲ ಮಳೆಗೆ ಕೆಳಗೆ ವಾಟೆ ಮತ್ತು ನೀರಂಜಿ, ಮೇಲೆ ಹೊಂಗೆ, ನೇರಳೆ, ಹೊಳೆಮತ್ತಿ ನೆಡಿ. ಬಿಸಿಲಿರುವ ಕಡೆ ಲಾವಂಚ ಅರ್ಧ ಅಡಿಗೊಂದರಂತೆ ಸಾಲು ಹಿಡಿದು ಹಾಕಿ. ನೆರಳಲ್ಲಿ ಲಾವಂಚ ಏಳುವುದಿಲ್ಲ, ಸುಮ್ನೆ ದುಡ್ಡು ದಂಡ. ಕಳೆನಾಶಕವಂತೂ ಆ ಕಡೆ ಬೇಡವೇ ಬೇಡ.

ಇಷ್ಟಕ್ಕೆಲ್ಲ ಹದಿನೆಂಟು ಅಡಿ ಜಾಗ ಬಿಡಬೇಕು. ಒಂಬತ್ತು ಅಡಿ ಅಂತರದ ಲೆಕ್ಕದಲ್ಲಿ ಎರಡು ಸಾಲು ಅಡಿಕೆ. ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ಹಳ್ಳ ಹೇಗೂ ಅದನ್ನು ತಿನ್ನುತ್ತಿದೆ ಅಲ್ವಾ?

ಕೆಲಸಕ್ಕೆ ಮುಂಚೆ ಸರ್ವೆ ನಕ್ಷೆ ನೋಡಿ. ಹಳ್ಳ ಸಾಮಾನ್ಯವಾಗಿ ‘ಬ’ ಖರಾಬಿನಲ್ಲಿ ಇರುತ್ತದೆ, ಅಂದರೆ ಸರ್ಕಾರದ್ದು. ಅದರೊಳಗೆ ಕಲ್ಲಿಡಲೂ ಕೇಳಿಯೇ ಇಡಬೇಕು.

ಇನ್ನೊಬ್ಬ ಸದಸ್ಯರು: ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆದ ಡ್ರಮ್ ನಾವು ಹಳ್ಳದಲ್ಲೇ ತೊಳೆಯುತ್ತೇವೆ. ಮೈಲುತುತ್ತ, ಸುಣ್ಣ ಅಷ್ಟೇ ಅಲ್ವಾ? ಹರಿಯೋ ನೀರಲ್ಲಿ ಏನಾಗುತ್ತದೆ?

ಉತ್ತರ: ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ ಹಾಕಿರುತ್ತೀರಿ. ಮೀನಿಗೆ, ಗೊದಮೊಟ್ಟೆಗೆ ಅದರ ತಾಮ್ರ ಚೂರೇ ಚೂರು ಸಾಕು. ತಾಮ್ರ ಕೊಳೆತು ಮಾಯವಾಗುವುದೂ ಇಲ್ಲ, ಕೆಸರಲ್ಲಿ ಉಳಿಯುತ್ತದೆ. ಇನ್ನು ಕಾಲ ನೋಡಿ. ಮೊದಲ ಮಳೆಗೆ ಹತ್ತುಮೀನು (ಹರಿವಿಗೆ ಎದುರಾಗಿ ಹತ್ತುವ ಮೀನು) ಹೊಳೆಯಿಂದ ಹಳ್ಳ ಹತ್ತಿ, ಗದ್ದೆಗೆ ಬಂದು ಮೊಟ್ಟೆ ಇಡುತ್ತವೆ. ಮರಿ ಹಳ್ಳದಲ್ಲಿ ಆಡುವ ಹೊತ್ತಿಗೇ ನೀವು ಡ್ರಮ್ ತೊಳೆಯುತ್ತೀರಿ. ಕೆಳಗೆ ಚಿಪ್ಪಲಗುಡ್ಡೆಯ ಮತ್ಸ್ಯಧಾಮಕ್ಕೆ ಹೋಗಿ ಮೀನಿಗೆ ಮಂಡಕ್ಕಿ ಹಾಕುವವರೂ ನಾವೇ! ತೊಳೆದ ನೀರನ್ನು ಮುಂದಿನ ಡ್ರಮ್ಮಿಗೆ ಸೇರಿಸಿ. ಕೊನೇ ಸಲದ್ದನ್ನು ತೋಟದ ನಡುವೆ ಚೆಲ್ಲಿ, ಬಸಿಗಾಲುವೆಗೆ ಬೇಡ.

ಮತ್ತೊಬ್ಬರು: ಹೊಳೆ ಪಕ್ಕ ಹೋಂಸ್ಟೇ ಮಾಡುತ್ತಿದ್ದೇವೆ. ಶೌಚಾಲಯದ ಗುಂಡಿ ಎಲ್ಲಿ ತೆಗೆಸಲಿ?

ಉತ್ತರ: ಬೇಸಿಗೆಯಲ್ಲಿ ಜಾಗ ಆರಿಸಬೇಡಿ. ಆಷಾಢದಲ್ಲಿ ಬಾವಿ ನೀರು ಎಲ್ಲಿಗೆ ಬರುತ್ತದೆ ನೋಡಿ. ಗುಂಡಿಯ ತಳ ಅದಕ್ಕಿಂತ ಮೇಲಿರಬೇಕು. ಇಲ್ಲದಿದ್ದರೆ ಗುಂಡಿಯಲ್ಲಿರುವುದೆಲ್ಲ ಸೀದಾ ಹೊಳೆಗೆ. ಹೊಳೆಯಿಂದ ದೂರ, ಬಾವಿಯಿಂದಲೂ ದೂರ, ಎತ್ತರದ ಕಡೆ ತೆಗೆಸಿ.

ಮೊದಲು ಕೇಳಿದವರು: ಸರ್, ಎದುರು ದಡದವರೂ ಗೋಡೆಗೆ ಕಲ್ಲು ಇಳಿಸಿದ್ದಾರೆ. ನಾವು ಗಿಡ ನೆಟ್ಟು ಕೂತರೆ?

ಉತ್ತರ: ಹಾಗಾದರೆ ಇವತ್ತೇ ಹೋಗಿ ಮಾತಾಡಿ. ಅವರದು ತಿರುವಿನ ಒಳಬದಿ, ಅಲ್ಲಿ ಹಳ್ಳ ಮರಳು ತಂದು ಹಾಕುತ್ತದೆಯೇ ಹೊರತು ಕೊರೆಯುವುದಿಲ್ಲ. ಅವರಿಗೆ ಗೋಡೆಯೇ ಬೇಡ. ಇಳಿಸಿದ ಕಲ್ಲನ್ನು ನಿಮಗೆ ಮಾರುತ್ತಾರಾ ಕೇಳಿ, ಬುಡಕ್ಕೆ ಆಗುತ್ತದೆ.