ಅಪ್‌ಡೇಟ್: ಮಾಮನ ಅಂಗಡಿಯ ಇಮೇಲ್ ಪಟ್ಟಿ ಕೊನೆಗೂ ಸೋಸಿದೆ

ಹೋದ ತಿಂಗಳು ಕೇಳಿದ್ದೆನಲ್ಲ, ದಾವಣಗೆರೆ ಮಂಡಿಪೇಟೆಯ ನಮ್ಮ ಮಾಮನ ಬಟ್ಟೆ ಅಂಗಡಿಯ ಗಿರಾಕಿಗಳ ಇಮೇಲ್‌ಗಳು ಗೂಗಲ್ ಶೀಟ್‌ನಲ್ಲಿವೆ, ದೀಪಾವಳಿ ಆಫರ್ ಕಳಿಸೋ ಮೊದಲು ಅವು ಸರಿಯಿವೆಯಾ ಅಂತ ನೋಡೋದು ಹೇಗೆ ಎಂದು. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಶೀಟ್‌ನ ಫಾರ್ಮುಲಾಗಳನ್ನೇ ಬಳಸಿದೆ: ಟ್ರಿಮ್‌ನಿಂದ ಹೆಚ್ಚಿನ ಖಾಲಿ ಜಾಗ ತೆಗೆದು, ಲೋವರ್‌ನಿಂದ ಎಲ್ಲವನ್ನೂ ಸಣ್ಣ ಅಕ್ಷರ ಮಾಡಿ, ಯೂನಿಕ್‌ನಿಂದ ಡಬಲ್ ಆದವನ್ನು ತೆಗೆದೆ. ಇಷ್ಟು ಸಲೀಸು. ಎಡವಿದ್ದು ಇಮೇಲ್ ಸರಿಯಿದೆಯಾ ಅಂತ ನೋಡೋ ಈಸ್‌ಇಮೇಲ್ ಫಾರ್ಮುಲಾ ಹತ್ತಿರ. ಅದು ಟ್ರೂ ಅಂದರೆ ವಿಳಾಸ ನಿಜವಾಗಿ ಇದೆ ಅಂದುಕೊಂಡಿದ್ದೆ. ಅದು ನೋಡೋದು ಬರೀ ಬರವಣಿಗೆಯ ರೂಪ. ಆ ಹೆಸರಿನ ಮೇಲ್‌ಬಾಕ್ಸ್ ಇದೆಯೋ ಇಲ್ಲವೋ ಅದಕ್ಕೆ ಗೊತ್ತಾಗಲ್ಲ. ಜಿಮೇಲ್.ಕಾಮ್ ಬದಲು ಜಿಮೇಲ್.ಕೋ ಅಂತಿದ್ದವೂ ಪಾಸ್! ಹಬ್ಬದ ರಶ್ಶಿನಲ್ಲಿ ಬಿಲ್ ಹುಡುಗರು ಟೈಪ್ ಮಾಡಿದ್ದು, ಪಾಪ.

ಅದಕ್ಕೆ ಸ್ಪ್ಲಿಟ್ ಹಾಕಿ ಅಟ್ ಚಿಹ್ನೆಯ ಆಚೆಗಿನ ಡೊಮೈನನ್ನು ಬೇರೆ ಕಾಲಂಗೆ ತಂದು, ಪಿವಟ್ ಟೇಬಲ್‌ನಲ್ಲಿ ಯಾವುದು ಎಷ್ಟು ಸಲ ಬಂದಿದೆ ಅಂತ ಎಣಿಸಿದೆ. ಒಂದೆರಡು ಸಲ ಮಾತ್ರ ಬಂದ ಡೊಮೈನ್‌ಗಳಲ್ಲೇ ಹೆಚ್ಚಿನ ತಪ್ಪುಗಳು ಅಡಗಿದ್ದವು. ಉಳಿದ ಅಪರೂಪದವಕ್ಕೆ ಎಂಎಕ್ಸ್ ರೆಕಾರ್ಡ್ (ಆ ಡೊಮೈನ್‌ಗೆ ಬರೋ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅನ್ನೋ ದಾಖಲೆ) ಇದೆಯಾ ನೋಡಿ, ಇಲ್ಲದವನ್ನು ಕೈಬಿಟ್ಟೆ.

ಮಾಮ ಕೇಳಿದ್ರು: "ಎಲ್ಲಾರಿಗೂ ಕಳಿಸಿಬಿಡೋ, ಹೋಗೋದೇನೈತಿ?" ಮೇಲ್ ವಾಪಸ್ ಬರೋದು ಹೆಚ್ಚಾದರೆ ಜಿಮೇಲ್‌ನಂಥವರ ಹತ್ತಿರ ನಮ್ಮ ಡೊಮೈನ್‌ನ ಮರ್ಯಾದೆ ಕೆಡುತ್ತೆ, ಸರಿ ವಿಳಾಸದವರಿಗೂ ಸ್ಪ್ಯಾಮ್‌ಗೇ ಹೋಗುತ್ತೆ ಅಂದೆ. ತಲೆಗೆ ಹೋಗಲಿಲ್ಲ. "ಬಾಕಿ ಉಳಿಸಿಕೊಂಡೋನಿಗೆ ಮಂಡೀಲಿ ಮತ್ತೆ ಉದ್ರಿ ಕೊಡ್ತಾರಾ ಮಾಮ?" ಅಂದ ಮೇಲೆ ಸುಮ್ಮನಾದ್ರು.

ಮೊದಲು 100 ಜನರಿಗೆ ಕಳಿಸಿದೆ, 3 ವಾಪಸ್ ಬಂದವು. ಅವನ್ನೂ ಅಳಿಸಿದ್ದೀನಿ. ಉಳಿದದ್ದು ಶುಕ್ರವಾರ.