ದಾವಣಗೆರೆಯಲ್ಲಿ ಬಯೋಇನ್ಫರ್ಮ್ಯಾಟಿಕ್ಸ್ ಸಮಾವೇಶ: ಮಾಡಿಸಿ ಗೊತ್ತಿದ್ದವರು ಹೇಳಿ

ಪ್ರಶ್ನೆ (ಬಯೋಟೆಕ್ ವಿಭಾಗ, ದಾವಣಗೆರೆ)
ಜನವರಿಯಲ್ಲಿ ಬಯೋಇನ್ಫರ್ಮ್ಯಾಟಿಕ್ಸ್ (ಜೀವಿಗಳ ದತ್ತಾಂಶವನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ವಿಷಯ) ಕುರಿತು ಎರಡು ದಿನದ ಪ್ರಾದೇಶಿಕ ಸಮಾವೇಶ ಇಟ್ಟುಕೊಂಡಿದ್ದೇವೆ. ಚಿತ್ರದುರ್ಗ, ಶಿವಮೊಗ್ಗ, ಹುಬ್ಬಳ್ಳಿ ಕಡೆಯವರೂ ಸೇರಿ 80 ಜನ, ಹೆಚ್ಚಿನವರು ಪಿಎಚ್‌ಡಿ ಮತ್ತು ಎಂಎಸ್ಸಿಯವರು. ಮೊದಲ ದಿನ ಉಪನ್ಯಾಸ, ಪೋಸ್ಟರ್. ಎರಡನೇ ದಿನ 40 ಜನರಿಗೆ ಅವರವರ ಲ್ಯಾಪ್‌ಟಾಪ್‌ನಲ್ಲೇ ಜೀನೋಮ್ ಜೋಡಣೆಯ (ಡಿಎನ್‌ಎಯ ಚೂರುಗಳನ್ನು ಕಂಪ್ಯೂಟರಿನಲ್ಲಿ ಸೇರಿಸಿ ಪೂರ್ತಿ ಸರಣಿ ಕಟ್ಟುವ) ಕಾರ್ಯಾಗಾರ. ಎಲ್ಲೆಲ್ಲಿ ಕೈಕೊಡುತ್ತದೆ, ಈಗಲೇ ಹೇಳಿಬಿಡಿ.

ಕಾರ್ಯಾಗಾರ ನಡೆಸುವವರು, ಬೆಂಗಳೂರು
ಮೇಡಂ, ಎರಡನೇ ದಿನದ ಮಟ್ಟಿಗೆ ಇಂಟರ್ನೆಟ್ ಇಲ್ಲವೇ ಇಲ್ಲ ಅಂತ ಲೆಕ್ಕ ಹಾಕಿ. 40 ಜನ ಒಟ್ಟಿಗೆ ಕಾಂಡಾದಲ್ಲಿ (ಸಾಫ್ಟ್‌ವೇರ್ ಇಳಿಸಿ ಕೂರಿಸುವ ಸಾಧನ) ಪ್ಯಾಕೇಜ್ ಇಳಿಸಲು ಕೂತರೆ ಮಧ್ಯಾಹ್ನದ ಊಟದವರೆಗೂ ಅದೇ ಕೆಲಸ.

ಒಂದು ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಒಳಗಿನ ಲಿನಕ್ಸ್, ಅಂದರೆ ಡಬ್ಲ್ಯುಎಸ್‌ಎಲ್ ಹಾಕಿ, ಬೇಕಾದ ಸಾಧನಗಳನ್ನೆಲ್ಲ ಕೂರಿಸಿ, ಓಡಿಸಿ ನೋಡಿ. ಸರಿಯಿದ್ದರೆ ಅದರೊಳಗಿನ ಲಿನಕ್ಸ್ ಆದ ಇಡೀ ಉಬುಂಟುವನ್ನೇ ಎಕ್ಸ್‌ಪೋರ್ಟ್ ಮಾಡಿ ಒಂದು ಟಾರ್ ಫೈಲ್ ಮಾಡಿಕೊಳ್ಳಿ. ಉಳಿದವರು ಅದನ್ನು ಇಂಪೋರ್ಟ್ ಮಾಡಿಕೊಂಡರೆ ಸಾಕು. ಹತ್ತು ಪೆನ್‌ಡ್ರೈವ್ ಇದ್ದರೆ ನಡೆಯುತ್ತದೆ, ಆದರೆ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿರಬೇಕು. ಫ್ಯಾಟ್32 ಆದರೆ 4 ಜಿಬಿ ಮೀರಿದ ಫೈಲ್ ಅದರೊಳಗೆ ಹೋಗುವುದೇ ಇಲ್ಲ.

ನೋಂದಣಿ ಮಾಡಿದವರಿಗೆ ವಾರ ಮೊದಲೇ ಒಂದು ಮೆಸೇಜ್ ಕಳಿಸಿ: ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಒತ್ತಿ, ಕೆಳಗೆ ‘ವರ್ಚುವಲೈಸೇಶನ್’ ಎದುರು ಏನಿದೆ ಅಂತ ಫೋಟೋ ಹಾಕಿ ಎಂದು. ‘ಡಿಸೇಬಲ್ಡ್’ ಇದ್ದರೆ ಡಬ್ಲ್ಯುಎಸ್‌ಎಲ್ ಓಡದು, ಬಯಾಸ್‌ಗೆ (ಯಂತ್ರ ಶುರುವಾಗುವಾಗಿನ ಸೆಟ್ಟಿಂಗ್) ಹೋಗಿ ಸರಿ ಮಾಡಬೇಕು. ಕಂಪನಿಗೊಂದು ಕೀಲಿ, ಕಂಪನಿಗೊಂದು ಮೆನು. ಕಾರ್ಯಾಗಾರದ ದಿನ ಇದಕ್ಕೆ ಕೂತರೆ ಕಥೆ ಮುಗಿಯಿತು.

ಇನ್ನು ಮೆಮೊರಿ. ಡಬ್ಲ್ಯುಎಸ್‌ಎಲ್ ತಾನಾಗಿ ತೆಗೆದುಕೊಳ್ಳುವುದು ಅರ್ಧ ರ‍್ಯಾಮ್ ಮಾತ್ರ. 8 ಜಿಬಿ ಯಂತ್ರದಲ್ಲಿ ಜೋಡಣೆ ಮಾಡುವ ಸ್ಪೇಡ್ಸ್ ಸಾಫ್ಟ್‌ವೇರ್‌ಗೆ ಸಿಗುವುದು 4 ಜಿಬಿ. ಅದು ಸಾಲದಾದಾಗ ಕೆಲಸ ಮಧ್ಯದಲ್ಲೇ ನಿಂತುಹೋಗುತ್ತದೆ, ಕಾರಣ ಸ್ಪಷ್ಟವಾಗಿ ಇರುವುದಿಲ್ಲ. ಡಬ್ಲ್ಯುಎಸ್‌ಎಲ್‌ನ ಕಾನ್ಫಿಗ್ ಫೈಲ್‌ನಲ್ಲಿ 6 ಜಿಬಿ ಎಂದು ಬರೆಸಿ, ಸ್ಪೇಡ್ಸ್‌ನ ಥ್ರೆಡ್ (ಒಟ್ಟಿಗೆ ನಡೆಯುವ ಕೆಲಸಗಳು) 2ಕ್ಕೆ ಇಳಿಸಿ. ಡೇಟಾವನ್ನು ಸಿ ಡ್ರೈವ್‌ನಲ್ಲೇ ಬಿಟ್ಟು ಓಡಿಸಿದರೆ ಆಮೆ ನಡಿಗೆ. ಲಿನಕ್ಸ್‌ನ ಹೋಮ್ ಫೋಲ್ಡರ್‌ಗೆ ಕಾಪಿ ಮಾಡಿಕೊಂಡೇ ಶುರು ಮಾಡಿಸಿ.

ಡೇಟಾ ಚಿಕ್ಕದಿರಲಿ. ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾದ ಜೀನೋಮ್ ಸುಮಾರು 28 ಲಕ್ಷ ಬೇಸ್ (ಡಿಎನ್‌ಎಯ ಅಕ್ಷರ). 50 ಪಟ್ಟು ಕವರೇಜ್‌ಗೆ, ಅಂದರೆ ಪ್ರತಿ ಬೇಸ್ ಸರಾಸರಿ 50 ಸಲ ಓದಿಸಲು, 150 ಬೇಸ್‌ನ ರೀಡ್‌ಗಳ (ಯಂತ್ರ ಓದಿದ ಡಿಎನ್‌ಎ ಚೂರು) 4.67 ಲಕ್ಷ ಜೋಡಿ ಸಾಕು. ದೊಡ್ಡ ಫಾಸ್ಟ್‌ಕ್ಯೂನಿಂದ (ರೀಡ್‌ಗಳ ಫೈಲ್) ಸೆಕ್‌ಟಿಕೆ ಸಾಧನದಲ್ಲಿ ಒಂದಿಷ್ಟು ಆರಿಸುವಾಗ ಜೋಡಿಯ ಎರಡೂ ಫೈಲ್‌ಗೆ ಒಂದೇ ಸೀಡ್ ಸಂಖ್ಯೆ (ಯಾದೃಚ್ಛಿಕ ಆಯ್ಕೆ ಶುರುವಾಗುವ ಸಂಖ್ಯೆ) ಕೊಡಿ. ಬೇರೆ ಬೇರೆ ಕೊಟ್ಟರೆ ಜೋಡಿ ತಪ್ಪುತ್ತದೆ, ಜೋಡಣೆ ಚೂರುಚೂರಾಗುತ್ತದೆ, ತಪ್ಪೆಲ್ಲಿ ಅಂತ ಯಾರಿಗೂ ಹೊಳೆಯುವುದಿಲ್ಲ.

ಪ್ರಶ್ನೆ ಕೇಳಿದವರು
ಸರ್, ನಮ್ಮ ಕಡೆಯ ಬೆಳೆಯನ್ನೇ ತೆಗೆದುಕೊಳ್ಳಿ ಅಂತ ಪ್ರಿನ್ಸಿಪಾಲರ ಒತ್ತಾಯ. ಮೆಕ್ಕೆಜೋಳ, ಇಲ್ಲವೇ ಚಳ್ಳಕೆರೆ ಶೇಂಗಾ. ಆಗುತ್ತದಾ?

ಬೆಳೆ ಜೀನೋಮಿಕ್ಸ್, ಧಾರವಾಡ
ಪೂರ್ತಿ ಜೀನೋಮ್ ಆಗುವುದಿಲ್ಲ. ಮೆಕ್ಕೆಜೋಳದ್ದು ಸುಮಾರು 230 ಕೋಟಿ ಬೇಸ್, ಬಹುಪಾಲು ಪುನರಾವರ್ತನೆ. ಶೇಂಗಾ ಅದಕ್ಕಿಂತ ದೊಡ್ಡದು, ಮೇಲಾಗಿ ಎರಡು ಕಾಡು ಪ್ರಭೇದಗಳ ಜೀನೋಮ್ ಒಂದರೊಳಗೊಂದು ಕೂತಿದೆ. ಯಾವ ರೀಡ್ ಯಾವುದರದ್ದು ಅಂತ ಬಿಡಿಸುವುದೇ ಕಷ್ಟ. ಎಲೆಯ ಹಸಿರು ಕಣವಾದ ಕ್ಲೋರೋಪ್ಲಾಸ್ಟ್‌ನ ಜೀನೋಮ್ ತೆಗೆದುಕೊಳ್ಳಿ. ಮೆಕ್ಕೆಜೋಳದ್ದು ಸುಮಾರು 1.4 ಲಕ್ಷ ಬೇಸ್, ಶೇಂಗಾದ್ದು 1.56 ಲಕ್ಷದ ಆಸುಪಾಸು. ಒಂದು ತಾಸಿನ ಪಾಠಕ್ಕೆ ಹೇಳಿ ಮಾಡಿಸಿದ ಹಾಗಿದೆ, ಪ್ರಿನ್ಸಿಪಾಲರ ಮಾತೂ ನಡೆಯುತ್ತದೆ. ಅದರಲ್ಲಿ ತಲೆಕೆಳಗಾದ ದೊಡ್ಡ ಪುನರಾವರ್ತನೆ ಎರಡು ಪ್ರತಿ ಇರುವುದರಿಂದ ಜೋಡಣೆ ಅಲ್ಲಿ ತುಂಡಾಗುತ್ತದೆ. ಆ ತುಂಡನ್ನೇ ಬೋರ್ಡಿನ ಮೇಲೆ ಬಿಡಿಸಿ ತೋರಿಸಿ. ಚಿಕ್ಕ ರೀಡ್‌ಗಳ ಮಿತಿ ಹುಡುಗರಿಗೆ ಅಲ್ಲೇ ಅರ್ಥವಾಗುತ್ತದೆ.

ಲ್ಯಾಬ್ ಸಿಸ್ಟಮ್ ಅಡ್ಮಿನ್, ದಾವಣಗೆರೆ
ಎನ್‌ಸಿಬಿಐಗೆ (ಅಮೆರಿಕದ ಜೀನ್ ದತ್ತಾಂಶ ಕೇಂದ್ರ) ಸ್ಕ್ರಿಪ್ಟ್ ಮೂಲಕ ಹೋಗುವ ಪಾಠ ಇದ್ದರೆ ಗಮನಿಸಿ: ಎಪಿಐ ಕೀ (ಅವರು ಕೊಡುವ ಗುರುತಿನ ಕೋಡ್) ಇಲ್ಲದಿದ್ದರೆ ಒಂದು ಐಪಿ ವಿಳಾಸಕ್ಕೆ ಸೆಕೆಂಡಿಗೆ 3 ಕೋರಿಕೆ ಅಷ್ಟೇ. ಕಾಲೇಜಿನ 40 ಲ್ಯಾಪ್‌ಟಾಪ್‌ಗಳೂ ಹೊರಗಿನವರಿಗೆ ಸಾಮಾನ್ಯವಾಗಿ ಒಂದೇ ಐಪಿಯಾಗಿ ಕಾಣುತ್ತವೆ, ಎಲ್ಲರಿಗೂ ಎರರ್ ಬರುತ್ತದೆ. ಸರಣಿಗಳ ಹೋಲಿಕೆ ಹುಡುಕುವ ಬ್ಲಾಸ್ಟ್‌ಗೆ ಸ್ವಿಸ್‌ಪ್ರಾಟ್ ಎಂಬ ಪ್ರೋಟೀನ್ ಡೇಟಾಬೇಸನ್ನು ಪೆನ್‌ಡ್ರೈವ್‌ನಲ್ಲೇ ಕೊಡಿ. ಎನ್‌ಆರ್ ಎಂಬ ದೊಡ್ಡ ಡೇಟಾಬೇಸಿನ ತಂಟೆಗೆ ಹೋಗಬೇಡಿ, ಅದು ನೂರಾರು ಜಿಬಿ.

ಕರೆಂಟು: 65 ವ್ಯಾಟ್ ಚಾರ್ಜರ್ 40 ಅಂದರೆ 2,600 ವ್ಯಾಟ್, 11 ಆಂಪಿಯರ್ ದಾಟುತ್ತದೆ. 6 ಆಂಪಿಯರ್ ಸಾಕೆಟ್ಟಿಗೆ ಸ್ಪೈಕ್ ಬೋರ್ಡ್ ಮೇಲೆ ಸ್ಪೈಕ್ ಬೋರ್ಡ್ ಹಾಕಿದರೆ ಟ್ರಿಪ್ ಆಗುತ್ತದೆ, ಇಲ್ಲವೇ ಪ್ಲಗ್ಗೇ ಸುಡುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಬೇರೆ ಬೇರೆ ಎಂಸಿಬಿಯಿಂದ ಮೂರು ಲೈನ್ ಎಳೆಸಿ, ಒಂದೊಂದಕ್ಕೆ 14 ಚಾರ್ಜರ್‌ಗಿಂತ ಹೆಚ್ಚು ಬೇಡ.

ನಿವೃತ್ತ ಪ್ರಾಧ್ಯಾಪಕರು, ಶಿವಮೊಗ್ಗ
ಉದ್ಘಾಟನೆ ಅರ್ಧ ತಾಸಿನಲ್ಲಿ ಮುಗಿಸಿ. ವೇದಿಕೆ ಮೇಲೆ ಹನ್ನೆರಡು ಕುರ್ಚಿ, ಎಲ್ಲರಿಗೂ ಶಾಲು, ಹಾರ, ಎಲ್ಲರದ್ದೂ ‘ಎರಡು ಮಾತು’ ಅಂತ ಹೋದರೆ ಕೊನೆಗೆ ಕತ್ತರಿ ಬೀಳುವುದು ವಿದ್ಯಾರ್ಥಿಗಳ ಪೋಸ್ಟರ್‌ಗೇ. ಹುಡುಗರು ಬರುವುದೇ ಅದಕ್ಕೆ. ಪೋಸ್ಟರ್‌ಗೆ ಪೂರ್ತಿ ಎರಡು ತಾಸು ಬಿಡಿ: ಮೊದಲ ತಾಸು ಬೆಸ ಸಂಖ್ಯೆಯವರು ತಮ್ಮ ಪೋಸ್ಟರ್ ಮುಂದೆ ನಿಲ್ಲಲಿ, ಎರಡನೇ ತಾಸು ಸಮ ಸಂಖ್ಯೆಯವರು. ಇಲ್ಲದಿದ್ದರೆ ಎಲ್ಲರೂ ತಮ್ಮದರ ಮುಂದೆಯೇ ನಿಂತಿರುತ್ತಾರೆ, ನೋಡುವವರು ಯಾರು?

ಬೆಂಗಳೂರಿನ ಅತಿಥಿ ಬೆಳಗಿನ ವಂದೇ ಭಾರತ್ ಹತ್ತಿದರೆ ಒಂಬತ್ತರ ಆಸುಪಾಸಿಗೆ ದಾವಣಗೆರೆಯಲ್ಲಿ ಇರುತ್ತಾರೆ. ವಾಪಸ್ ಗಾಡಿ ಮಧ್ಯಾಹ್ನವೇ. ಹಾಗಾಗಿ ಅವರ ಉಪನ್ಯಾಸ ಹನ್ನೊಂದಕ್ಕೆ, ಊಟಕ್ಕೆ ಮುಂಚೆ ಪೋಸ್ಟರ್. ಬೆಣ್ಣೆ ದೋಸೆ ತಿನ್ನಿಸಲು ಹೋಗಿ ಅರ್ಧ ದಿನ ಕಳೆಯಬೇಡಿ, ತಿಂಡಿಗೇ ತರಿಸಿ.

ಪೋಸ್ಟರ್ ಅಳತೆ ಎ0, ಉದ್ದುದ್ದ: 841 ಗುಣಿಸು 1,189 ಮಿಲಿಮೀಟರ್. ಇದನ್ನು ಮೊದಲ ಸುತ್ತೋಲೆಯಲ್ಲೇ ಹಾಕಿ. ಫ್ಲೆಕ್ಸ್ ಅಂಗಡಿಗೆ ಪಿಡಿಎಫ್ ಮಾತ್ರ ಕೊಡಲಿ. ಪಿಪಿಟಿ ಕೊಟ್ಟರೆ ಅಲ್ಲಿ ಫಾಂಟ್ ಬದಲಾಗಿ ಗ್ರೀಕ್ ಅಕ್ಷರಗಳೆಲ್ಲ ಚೌಕ ಆಗುತ್ತವೆ.

ಕ್ಲಿನಿಕಲ್ ಜೀನೋಮಿಕ್ಸ್, ಹುಬ್ಬಳ್ಳಿ
ಮೆಡಿಕಲ್ ಕಾಲೇಜಿನವರೂ ಬರುವುದಾದರೆ ಒಂದು ಮಾತು. ರೋಗಿಯ ಹೆಸರು ತೆಗೆದಿದ್ದೇವೆ ಅನ್ನುತ್ತಾರೆ, ಆದರೆ ಬ್ಯಾಮ್ ಫೈಲಿನ (ರೀಡ್‌ಗಳನ್ನು ಜೀನೋಮಿಗೆ ಹೊಂದಿಸಿಟ್ಟ ಫೈಲ್) ಹೆಡರ್‌ನಲ್ಲಿ, ರೀಡ್ ಗ್ರೂಪ್ ಸಾಲಿನ ಎಸ್‌ಎಂ (ಮಾದರಿಯ ಹೆಸರು) ಜಾಗದಲ್ಲಿ, ಆಸ್ಪತ್ರೆಯ ನಂಬರ್ ಹಾಗೇ ಇರುತ್ತದೆ. ಅದನ್ನು ತೋರಿಸುವ ಐಜಿವಿ ಸಾಫ್ಟ್‌ವೇರ್‌ನ ಸ್ಕ್ರೀನ್‌ಶಾಟ್‌ನ ಎಡಗಡೆ ಫೈಲಿನ ಹೆಸರೂ ಕಾಣುತ್ತದೆ. ಸ್ಲೈಡ್‌ಗಳನ್ನು ಹಿಂದಿನ ದಿನವೇ ತರಿಸಿ ಇವೆರಡನ್ನು ನೋಡಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಂತೆ ಎಥಿಕ್ಸ್ ಸಮಿತಿಯ ಅನುಮತಿ ಬೇಕು, ಅದರ ಸಂಖ್ಯೆಯನ್ನು ಸಾರಾಂಶದ ಅರ್ಜಿಯಲ್ಲೇ ಕೇಳಿ. ಪ್ರಕಟವಾಗದ ಕೆಲಸ ಇದ್ದವರಿಗೆ ಪೋಸ್ಟರ್ ಮೂಲೆಗೆ ಅಂಟಿಸಲು ‘ಫೋಟೋ ಬೇಡ’ ಸ್ಟಿಕ್ಕರ್ ನೋಂದಣಿ ಮೇಜಿನ ಮೇಲೆ ಇಟ್ಟಿರಿ.