ಹೊಸ ಗ್ಯಾಸ್ಕೆಟ್ ಹಾಕಿದರೂ ಹೆಡ್ ಸೋರುತ್ತಿದೆ: ಹಳೆಯ ಟೂ-ಸ್ಟ್ರೋಕ್ ಬಲ್ಲವರು ದಾರಿ ತೋರಿಸಿ

ಪ್ರಶ್ನೆ

ನನ್ನದು ಗಾಳಿಯಿಂದ ತಣಿಯುವ ಒಂದೇ ಸಿಲಿಂಡರಿನ ಹಳೆಯ ಟೂ-ಸ್ಟ್ರೋಕ್ ಬೈಕ್. ಎರಕದ ಕಬ್ಬಿಣದ ಸಿಲಿಂಡರ್, ಮೇಲೆ ಅಲ್ಯೂಮಿನಿಯಂ ಹೆಡ್ (ಸಿಲಿಂಡರಿನ ಮುಚ್ಚಳ), ಅದನ್ನು ಹಿಡಿದಿಡುವ ನಾಲ್ಕು ಉದ್ದನೆಯ ಸ್ಟಡ್ (ಥ್ರೆಡ್ ಇರುವ ಸರಳು). ಹಿಂಬದಿಯ ಎಡಮೂಲೆಯಲ್ಲಿ ಫಿನ್‌ಗಳ (ಶಾಖ ಹೊರಹಾಕುವ ರೆಕ್ಕೆಗಳ) ನಡುವೆ ಕಪ್ಪು ಜಿಡ್ಡು ಒಸರುತ್ತದೆ, ಕಿಕ್ ಹೊಡೆದರೆ ಅಲ್ಲಿಂದಲೇ ಗಾಳಿ ನುಗ್ಗಿದ ಸದ್ದು ಬರುತ್ತದೆ. ಹೆಡ್ಡಿಗೂ ಸಿಲಿಂಡರಿಗೂ ನಡುವಿನ ಸಂದಿ ಮುಚ್ಚುವ ಗ್ಯಾಸ್ಕೆಟ್ಟನ್ನು ಹೊಸದು ಹಾಕಿದ ಮೇಲೆ ಸ್ವಲ್ಪ ಕಾಲ ಸರಿಯಿತ್ತು, ಈಗ ಮತ್ತೆ ಅದೇ ಜಾಗದಲ್ಲಿ ಸೋರಿಕೆ. ನಟ್‌ಗಳನ್ನು ಇನ್ನಷ್ಟು ಬಿಗಿ ಮಾಡಲೇ? ಸಿಲಿಕೋನ್ ಹಚ್ಚಿದರೆ ನಿಲ್ಲುತ್ತದೆ ಎಂದು ಒಬ್ಬರು ಹೇಳಿದರು. ಅದು ಸರಿಯೇ?

ಮೊದಲ ಉತ್ತರ

ದಯವಿಟ್ಟು ಎರಡನ್ನೂ ಮಾಡಬೇಡಿ. ಹೆಡ್ ಸಂದಿಯ ಶಾಖ ಮತ್ತು ಒತ್ತಡದ ಮುಂದೆ ಸಿಲಿಕೋನ್ ನಿಲ್ಲುವುದಿಲ್ಲ. ಒಳಗೆ ಹಿಂಡಿಕೊಂಡ ಭಾಗ ಸುಟ್ಟು ಚೂರುಚೂರಾಗಿ ಉದುರುತ್ತದೆ. ಹೊಸ ಗ್ಯಾಸ್ಕೆಟ್ ಕೂಡ ಅದೇ ಜಾಗದಲ್ಲಿ ಸೋತಿದೆ ಎಂದರೆ ತಪ್ಪು ಗ್ಯಾಸ್ಕೆಟ್‌ನದಲ್ಲ. ಆ ಮೂಲೆಗೆ ಸಾಕಷ್ಟು ಒತ್ತು ಬೀಳುತ್ತಿಲ್ಲ, ಇಲ್ಲವೇ ಅಲ್ಲಿ ಮೇಲ್ಮೈ ಸಮತಟ್ಟಾಗಿಲ್ಲ. ಕಾರಣ ಕಂಡುಹಿಡಿಯದೆ ಎಷ್ಟು ಗ್ಯಾಸ್ಕೆಟ್ ಹಾಕಿದರೂ ವ್ಯರ್ಥ.

ಬಿಚ್ಚುವ ಮೊದಲು ಸೋರಿಕೆ ಹೆಡ್‌ನದ್ದೇ ಎಂದು ಖಚಿತಪಡಿಸಿಕೊಳ್ಳಿ. ಸ್ಪಾರ್ಕ್ ಪ್ಲಗ್‌ನ ವಾಷರ್ ಸಡಿಲವಿದ್ದರೂ ಜಿಡ್ಡು ಹರಿದು ಬಂದು ಅದೇ ಮೂಲೆಯಲ್ಲಿ ನಿಲ್ಲಬಹುದು. ಇಡೀ ಭಾಗವನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಒಣಗಿಸಿ. ಪ್ಲಗ್ ಅದರ ಜಾಗದಲ್ಲೇ ಇರಲಿ. ಕ್ಯಾಪ್ ಮಾತ್ರ ತೆಗೆದು, ಅದಕ್ಕೆ ಇನ್ನೊಂದು ಪ್ಲಗ್ ಸಿಕ್ಕಿಸಿ ಇಂಜಿನ್ ಲೋಹಕ್ಕೆ ತಾಗುವಂತೆ ಇಡಿ. ಸಂದಿಯ ಸುತ್ತಲೂ, ಪ್ಲಗ್ ಬುಡಕ್ಕೂ ಸೋಪಿನ ನೀರು ಹಚ್ಚಿ ನಿಧಾನವಾಗಿ ಕಿಕ್ ಒತ್ತಿ. ಗುಳ್ಳೆ ಎದ್ದ ಜಾಗವೇ ಸೋರಿಕೆಯ ಜಾಗ.

ಇನ್ನೊಂದು ವಿಷಯ. ಸಿಲಿಂಡರಿನ ಬುಡದ ಗ್ಯಾಸ್ಕೆಟ್ ಸೋರಿದರೆ ಕ್ರ್ಯಾಂಕ್‌ಕೇಸ್ (ಸಿಲಿಂಡರಿನ ಕೆಳಗಿನ ಇಂಜಿನ್ ಪೆಟ್ಟಿಗೆ) ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ಮಿಶ್ರಣ ತೆಳುವಾಗುತ್ತದೆ, ಇಂಜಿನ್ ತಾನಾಗಿಯೇ ರೇಸ್ ಆಗುತ್ತದೆ. ಹೆಡ್ ಸೋರಿಕೆಯ ರೀತಿ ಬೇರೆ: ಕಂಪ್ರೆಷನ್ ಕುಗ್ಗುತ್ತದೆ, ಏರಿನಲ್ಲಿ ಎಳೆತ ಸಾಲದಾಗುತ್ತದೆ. ಜೊತೆಗೆ ಉರಿಯುವ ಅನಿಲ ಒಂದೇ ಕಿಂಡಿಯಲ್ಲಿ ನುಗ್ಗಿ ಅಲ್ಯೂಮಿನಿಯಂ ಮೇಲೆ ಕಾಲುವೆ ಕೊರೆಯುತ್ತದೆ. ಆದ್ದರಿಂದ ಹಾಗೆಯೇ ಓಡಿಸುತ್ತಾ ಇರಬೇಡಿ.

ಇಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ ಬಿಚ್ಚಿ, ಬಿಸಿಯಲ್ಲಿ ಬಿಚ್ಚಿದರೆ ಹೆಡ್ ಬಾಗುತ್ತದೆ. ಎದುರುಬದುರು ನಟ್‌ಗಳನ್ನು ಕಾಲು ಸುತ್ತಿನಷ್ಟೇ ಸಡಿಲಿಸುತ್ತಾ ಬನ್ನಿ. ಹೆಡ್ ಅಂಟಿಕೊಂಡಿದ್ದರೆ ಫಿನ್ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಎಬ್ಬಬೇಡಿ, ಹಳೆಯ ಎರಕದ ಫಿನ್ ಪಟ್ಟನೆ ಮುರಿಯುತ್ತದೆ. ಪ್ಲಗ್ ಬಿಗಿಯಾಗಿದ್ದು ನಟ್‌ಗಳು ಸ್ಟಡ್ ತುದಿಯಲ್ಲಿ ಸಡಿಲವಾಗಿ ಇರಲಿ, ಒಮ್ಮೆ ಮೆಲ್ಲಗೆ ಕಿಕ್ ಒತ್ತಿ. ಕಂಪ್ರೆಷನ್ನೇ ಹೆಡ್ಡನ್ನು ಎತ್ತಿಕೊಡುತ್ತದೆ.

ಬಿಚ್ಚಿದ ಗ್ಯಾಸ್ಕೆಟ್ಟನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿ. ಚೆನ್ನಾಗಿ ಒತ್ತು ಬಿದ್ದ ಭಾಗ ಹೊಳೆಯುವ ಉಂಗುರದಂತೆ ಕಾಣುತ್ತದೆ. ಸೋರಿದ ಕಡೆ ಆ ಉಂಗುರ ತುಂಡಾಗಿ, ಒಳಗಿನಿಂದ ಹೊರಗೆ ಮಸಿಯ ಗೆರೆ ಎಳೆದಿರುತ್ತದೆ. ಅದರ ಅಗಲವನ್ನು ಗಮನಿಸಿ. ಸಣ್ಣ ಗೆರೆಯಾದರೆ ಆ ಜಾಗದಲ್ಲಿ ಗೀರು ಅಥವಾ ಕೊರೆತ ಇದೆ. ಇಡೀ ಮೂಲೆಯೇ ಮಂಕಾಗಿದ್ದರೆ ಹೆಡ್ ಬಾಗಿದೆ, ಇಲ್ಲವೇ ಆ ಸ್ಟಡ್ ಕೆಲಸ ಮಾಡುತ್ತಿಲ್ಲ.

ಎರಡನೆಯ ಉತ್ತರ

ಮೇಲಿನದ್ದು ಸರಿ. ಹೆಡ್ ಸಮ ಮಾಡುವ ಬಗ್ಗೆ ನನ್ನ ಅನುಭವ ಸೇರಿಸುತ್ತೇನೆ. ನೇರ ಅಂಚಿನ ಉಕ್ಕಿನ ಪಟ್ಟಿಯನ್ನು ಕರ್ಣಗಳ ಉದ್ದಕ್ಕೂ ಇಟ್ಟು ಕೆಳಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಉಕ್ಕಿನ ಎಲೆಗಳು) ತೂರಿಸಿ ನೋಡಿ. 0.05 ಮಿ.ಮೀ. ಎಲೆ ನುಸುಳಿದರೆ ನಾನು ಹೆಡ್ಡನ್ನು ಉಜ್ಜದೆ ಬಿಡುವುದಿಲ್ಲ. ದಪ್ಪ ಗಾಜಿನ ಮೇಲೆ 400 ನಂಬರಿನ ವಾಟರ್ ಪೇಪರ್ ಹಾಸಿ, ಸೀಮೆಎಣ್ಣೆ ಸುರಿದು, ಎಂಟರ ಅಂಕಿಯ ಆಕಾರದಲ್ಲಿ ಉಜ್ಜಿ. ಮೊದಲು ಮಾರ್ಕರ್‌ನಿಂದ ಮೇಲ್ಮೈ ತುಂಬಾ ಗೆರೆ ಹಾಕಿಕೊಂಡರೆ ತಗ್ಗು ಎಲ್ಲಿದೆ ಎಂದು ತಾನೇ ಕಾಣುತ್ತದೆ, ಅಲ್ಲಿನ ಗೆರೆ ಕೊನೆಯವರೆಗೂ ಅಳಿಯುವುದಿಲ್ಲ. ಕೈಭಾರ ಒಂದೇ ಕಡೆ ಬೀಳದಂತೆ ಆಗಾಗ ಹೆಡ್ಡನ್ನು ತಿರುಗಿಸಿ ಹಿಡಿಯಿರಿ. ಗೆರೆಗಳೆಲ್ಲ ಅಳಿದ ಮೇಲೆ 600ಕ್ಕೆ ಹೋಗಿ.

ಸಿಲಿಂಡರಿನ ಮುಖವನ್ನೂ ಮರೆಯಬೇಡಿ. ಬಾಗುವುದು ಹೆಡ್ ಮಾತ್ರ ಎಂದುಕೊಂಡು ಕೆಳಗಿನದ್ದನ್ನು ಪರೀಕ್ಷಿಸದೆ ಬಿಡುವವರೇ ಹೆಚ್ಚು.

ಗ್ಯಾಸ್ಕೆಟ್ ತಾಮ್ರದ್ದಾಗಿದ್ದರೆ ಅದನ್ನೇ ಮತ್ತೆ ಬಳಸಬಹುದು. ಆದರೆ ಒಮ್ಮೆ ಹಿಂಡಿದ ತಾಮ್ರ ಗಡುಸಾಗಿರುತ್ತದೆ. ಮಂದ ಕೆಂಪು ಬಣ್ಣ ಬರುವವರೆಗೆ ಕಾಯಿಸಿ ನೀರಿಗೆ ಅದ್ದಿ, ಮೇಲಿನ ಕಪ್ಪು ಪೊರೆ ಉಜ್ಜಿ ತೆಗೆಯಿರಿ, ಮತ್ತೆ ಮೆದುವಾಗುತ್ತದೆ. ಅಲ್ಯೂಮಿನಿಯಂ ಆದರೆ ಎಚ್ಚರ, ಅದು ಕೆಂಪಾಗುವ ಮೊದಲೇ, 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಬಿಡುತ್ತದೆ. ಅದಕ್ಕೆ ಬಾರ್ ಸೋಪ್ ಸವರಿ ಕಾಯಿಸಿ, ಸೋಪ್ ಕಪ್ಪಗಾದ ತಕ್ಷಣ ಉರಿ ತೆಗೆಯಬೇಕು. ಗ್ಯಾಸ್ಕೆಟ್‌ನ ಅಂಚು ಸಿಲಿಂಡರಿನ ಒಳಗೆ ಇಣುಕದಂತೆಯೂ ನೋಡಿಕೊಳ್ಳಿ. ಇಣುಕಿದ ಅಂಚು ಕೆಂಡವಾಗಿ, ಕಿಡಿ ಬರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುತ್ತದೆ.

ಗ್ರೈಂಡಿಂಗ್ ಪೇಸ್ಟ್ ಹಚ್ಚಿ ಹೆಡ್ಡನ್ನು ಸಿಲಿಂಡರಿನ ಮೇಲೆಯೇ ತಿರುಗಿಸಿ ಕೂರಿಸುವುದನ್ನೂ ಕೆಲವರು ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಪೇಸ್ಟಿನ ಕಣಗಳು ಮೆದು ಅಲ್ಯೂಮಿನಿಯಂಗೆ ಕಚ್ಚಿಕೊಳ್ಳುತ್ತವೆ, ಒಂದು ಕಣ ಒಳಗೆ ಬಿದ್ದರೂ ಪಿಸ್ಟನ್, ರಿಂಗ್ ಎರಡಕ್ಕೂ ಕೇಡು.

ಮೂರನೆಯ ಉತ್ತರ

ಪೇಸ್ಟ್ ವಿಚಾರದಲ್ಲಿ ನನ್ನ ಅಭಿಪ್ರಾಯ ಬೇರೆ. ಗ್ಯಾಸ್ಕೆಟ್ಟೇ ಇಲ್ಲದೆ, ಹೆಡ್‌ನ ಏಣು ಸಿಲಿಂಡರಿನ ಗುಣಿಯಲ್ಲಿ ಕೂರುವ ಇಂಜಿನ್‌ಗಳಲ್ಲಿ ಗಾಜಿನ ಮೇಲೆ ಉಜ್ಜಲು ಸಾಧ್ಯವೇ ಇಲ್ಲ. ಅಲ್ಲಿ ಅತಿ ನಯವಾದ ಪೇಸ್ಟೇ ಗತಿ. ಸಿಲಿಂಡರನ್ನು ಬಿಚ್ಚಿ ಹೊರಗಿಟ್ಟು ಮಾಡಿ, ಬಿಸಿನೀರು ಸೋಪಿನಲ್ಲಿ ತಿಕ್ಕಿ ತೊಳೆದರೆ ತೊಂದರೆಯಿಲ್ಲ. ನಿಮ್ಮ ಇಂಜಿನ್‌ಗೆ ಗ್ಯಾಸ್ಕೆಟ್ ಇರುವುದರಿಂದ ಗಾಜೇ ಸರಿ.

ನಾನು ಮುಖ್ಯವಾಗಿ ಕೇಳಬೇಕೆಂದಿರುವುದು: ಆ ಮೂಲೆಯ ನಟ್ ಬಿಗಿಯಾಗಿರುವಾಗ ಅದರ ಕೆಳಗಿನ ವಾಷರನ್ನು ಬೆರಳಿನಿಂದ ತಿರುಗಿಸಲು ನೋಡಿದಿರಾ?

ಪ್ರಶ್ನೆ ಕೇಳಿದವರು

ಈಗಷ್ಟೇ ನೋಡಿದೆ. ಸ್ಪ್ಯಾನರ್‌ಗೆ ನಟ್ ಅಲುಗುವುದಿಲ್ಲ, ಆದರೆ ವಾಷರ್ ಉಗುರಿನಿಂದ ತಳ್ಳಿದರೆ ತಿರುಗುತ್ತದೆ! ಉಳಿದ ಮೂರು ತಿರುಗುವುದಿಲ್ಲ. ಈ ನಾಲ್ಕೂ ಮೇಲೆ ಮುಚ್ಚಿದ ಟೋಪಿ ನಟ್‌ಗಳು. ಹೆಡ್ ಹಿಂದೆಂದೋ ಲೇತ್‌ನಲ್ಲಿ ತೆಗೆಸಿದ ಗುರುತೂ ಇದೆ.

ಮೂರನೆಯ ಉತ್ತರ

ಹಾಗಾದರೆ ಕಳ್ಳ ಸಿಕ್ಕ. ಹೆಡ್ಡಿನಿಂದ ಲೋಹ ತೆಗೆಸಿದ್ದರಿಂದ ಅದು ಸ್ಟಡ್ ಮೇಲೆ ಮೊದಲಿಗಿಂತ ಕೆಳಗೆ ಕೂರುತ್ತಿದೆ. ಸ್ಟಡ್ ತುದಿ ಟೋಪಿಯ ಒಳಗಿನ ತಳಕ್ಕೆ ತಾಗಿ ನಟ್ ಅಲ್ಲೇ ನಿಂತಿದೆ. ಕೈಗೆ ಬಿಗಿ ಎನಿಸುತ್ತದೆ, ಹೆಡ್ ಮೇಲೆ ಮಾತ್ರ ಒತ್ತೇ ಇಲ್ಲ. ಇನ್ನಷ್ಟು ತಿರುಗಿಸಿದ್ದರೆ ಸ್ಟಡ್ ಮುರಿಯುತ್ತಿತ್ತು, ಇಲ್ಲವೇ ಕ್ರ್ಯಾಂಕ್‌ಕೇಸಿನ ಥ್ರೆಡ್ ಕಿತ್ತು ಬರುತ್ತಿತ್ತು.

ನಾಲ್ಕಕ್ಕೂ ಒಂದೇ ದಪ್ಪದ, ಗಡುಸು ಉಕ್ಕಿನ ದಪ್ಪ ವಾಷರ್ ಹಾಕಿ. ಆ ಒಂದು ಸ್ಟಡ್ ಮಾತ್ರ ಉಳಿದವುಗಳಿಗಿಂತ ಎತ್ತರವಾಗಿದ್ದರೆ, ಅದು ಕೆಳಗಿನ ಥ್ರೆಡ್‌ನಿಂದ ಮೇಲೇಳುತ್ತಿದೆಯೇ ನೋಡಿ. ಹಾಗಿದ್ದರೆ ವಾಷರ್ ಹಾಕಿ ಸುಮ್ಮನಾಗಬೇಡಿ, ಕ್ರ್ಯಾಂಕ್‌ಕೇಸಿನಲ್ಲಿ ಹೆಲಿಕಾಯಿಲ್ (ಕೆಟ್ಟ ಥ್ರೆಡ್ಡಿನ ಜಾಗದಲ್ಲಿ ಕೂರಿಸುವ ತಂತಿಯ ಸುರುಳಿ) ಹಾಕಿಸಲೇಬೇಕು.

ಹೆಡ್ ಒಮ್ಮೆ ಕಡಿಮೆಯಾಗಿರುವುದರಿಂದ ಪಿಸ್ಟನ್‌ಗೂ ಹೆಡ್ಡಿಗೂ ನಡುವಿನ ಅಂತರ ಅಳೆಯದೆ ಓಡಿಸಬೇಡಿ. ಬೆಸುಗೆ ಹಾಕುವ ಮೆದು ತಂತಿಯ ಎರಡು ತುಂಡನ್ನು ಪಿಸ್ಟನ್ ಮೇಲೆ, ಗಜನ್ ಪಿನ್ನಿನ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಪಿನ್) ನೇರಕ್ಕೆ ಎರಡೂ ಅಂಚಿನಲ್ಲಿ ಗ್ರೀಸ್‌ನಿಂದ ಅಂಟಿಸಿ. ಪಿಸ್ಟನ್ ವಾಲಾಡುವುದು ಪಿನ್ನಿನ ಅಡ್ಡಕ್ಕೆ, ಅದರ ನೇರಕ್ಕೆ ಅಲ್ಲ. ಅದಕ್ಕೇ ಈ ಜಾಗ. ಹೆಡ್ ಬಿಗಿದು ಇಂಜಿನ್ನನ್ನು ಒಂದು ಸುತ್ತು ಕೈಯಿಂದ ತಿರುಗಿಸಿ, ಚಪ್ಪಟೆಯಾದ ತಂತಿಯನ್ನು ಅಳೆಯಿರಿ. 1 ಮಿ.ಮೀ. ಆಸುಪಾಸಿದ್ದರೆ ಸಮಾಧಾನ. ತೀರಾ ಕಡಿಮೆಯಿದ್ದರೆ ದಪ್ಪ ಗ್ಯಾಸ್ಕೆಟ್ ಬೇಕು.

ಕೊನೆಗೆ ಬಿಗಿಯುವುದು. ಥ್ರೆಡ್ ಶುಚಿಯಾಗಿ, ಒಂದು ಹನಿ ಎಣ್ಣೆಯೊಂದಿಗೆ ಇರಲಿ. ಎದುರುಬದುರಾಗಿ, ಮೂರು ಹಂತದಲ್ಲಿ ಟಾರ್ಕ್ ರೆಂಚ್‌ನಿಂದ (ಬಿಗಿತ ಅಳೆಯುವ ಸ್ಪ್ಯಾನರ್) ಬಿಗಿಯಿರಿ. 8 ಮಿ.ಮೀ. ಸ್ಟಡ್‌ಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್, ಆದರೆ ನಿಮ್ಮ ಗಾಡಿಯ ಕೈಪಿಡಿಯಲ್ಲಿ ಇರುವ ಅಂಕಿಯೇ ಅಂತಿಮ. ಶಾಖಕ್ಕೆ ಅಲ್ಯೂಮಿನಿಯಂ ಉಕ್ಕಿನ ಸ್ಟಡ್‌ಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಮೊದಲ ಸಲ ಕಾದಾಗ ಗ್ಯಾಸ್ಕೆಟ್ ಇನ್ನಷ್ಟು ಹಿಂಡಿಕೊಂಡು, ತಣಿದ ಮೇಲೆ ನಟ್ ಸಡಿಲವಾಗುವುದು ಅದಕ್ಕೇ. ಆದ್ದರಿಂದ ಒಮ್ಮೆ ಚೆನ್ನಾಗಿ ಓಡಿಸಿ ಬಂದು, ರಾತ್ರಿಯಿಡೀ ತಣಿಯಲು ಬಿಟ್ಟು, ಬೆಳಿಗ್ಗೆ ಅದೇ ಅಂಕಿಗೆ ಮತ್ತೆ ಬಿಗಿಯಿರಿ. ಆಗ ನಾಲ್ಕೂ ವಾಷರ್‌ಗಳನ್ನು ಉಗುರಿನಿಂದ ತಳ್ಳಿ ನೋಡಿ. ಒಂದೂ ತಿರುಗಬಾರದು.